ಇಲ್ಲಿಯವನೋ ಹೊರಗಿನವನೋ

ಬೀಗಕ್ಕೆ ಇವತ್ತೂ ಬಟ್ಟೆ ಸುತ್ತಿದೆ, ಅದೇ ಹಳೇ ಬನಿಯನ್ನಿನ ತುಂಡು, ಅದೇ ಎರಡು ಗಂಟು, ನಿನ್ನೆ ಬಿಚ್ಚಿ ಚರಂಡಿಗೆ ಎಸೆದದ್ದಲ್ಲವೇ, ಮತ್ತೆ ಹೇಗೆ ಬಂತು, ಅಥವಾ ಇದು ಬೇರೆಯದೋ – ರಾಜಾಮಣಿ ತನ್ನ ಸ್ವೆಟರ್ ಅಂಗಡಿಯ ಷಟರ್ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಮುಟ್ಟದೆ ನೋಡುತ್ತಾನೆ, ಮುಟ್ಟಬೇಡಿ ಅಣ್ಣಾ, ಬೆರಳಚ್ಚು ಇರುತ್ತೆ, ಎಂದಿದ್ದ ಶಕ್ತಿವೇಲ್, ಊಟಿಯ ವ್ಯಾಪಾರಿಗಳ ಸಂಘದ ಕಾರ್ಯದರ್ಶಿ, ಪೊಲೀಸಿನವರ ಜೊತೆ ಎರಡು ಸಲ ಟೀ ಕುಡಿದದ್ದಕ್ಕೇ ಅರ್ಧ ಪೊಲೀಸಾಗಿ ಹೋಗಿದ್ದಾನೆ, ಆದರೂ ಅವನು ಹೇಳುವುದರಲ್ಲಿ ಸುಳ್ಳಿಲ್ಲ, ಕಳ್ಳರು ಗುರುತು ಇಟ್ಟು ಹೋಗುತ್ತಾರೆ, ಈ ಅಂಗಡಿ ಆಗಬಹುದು, ಈ ಬೀಗ ಹಳೆಯದು ಅಂತ ಬಟ್ಟೆ ಕಟ್ಟಿ ಹೋದರೆ ಹಿಂದಿನಿಂದ ಬರುವವರಿಗೆ ಸುಲಭ, ಎಂಟು ದಿನದಿಂದ ದಿನಾ ಒಂದು ಬಟ್ಟೆ, ಒಳಗೆ ಲುಧಿಯಾನಾದಿಂದ ಬಂದ ಹೊಸ ಸರಕು ಕಟ್ಟು ಬಿಚ್ಚದೆ ಬಿದ್ದಿದೆ, ಅದನ್ನು ಇಳಿಸುವಾಗ ನೋಡಿದವರು ಯಾರು, ತಾನು, ಅಂಗಡಿ ಕೆಲಸದ ಪಂಕಜಂ, ಮತ್ತೆ ಅವನು. ಅವನು ಅಲ್ಲೇ ಇದ್ದಾನೆ, ಜಗುಲಿಯ ಆ ತುದಿಯ ಮೆಟ್ಟಿಲ ಮೇಲೆ, ಕಂಬಳಿ ಸುತ್ತಿ ಆಯಿತು, ರಟ್ಟನ್ನು ಮಡಚಿ ಆಯಿತು, ಮಡಚುವುದೂ ಎಷ್ಟು ಒಪ್ಪವಾಗಿ, ಕದಿಯುವವನಿಗೆ ಇಷ್ಟು ಶಿಸ್ತು ಯಾಕೆ, ಅಥವಾ ಶಿಸ್ತು ಇರುವುದರಿಂದಲೇ ಕದಿಯುವುದೋ – ಈಗ ಎದ್ದು ನಿಂತ, ತಲೆಯ ಮೇಲಿನ ಉಣ್ಣೆ ಟೊಪ್ಪಿ ತೆಗೆದ, ತಲೆ ಬಗ್ಗಿಸಿದ, ನೋಡು, ದಿನಾ ಇದೇ, ತಾನು ಬಂದು ಬೀಗದ ಮುಂದೆ ನಿಂತ ಕೂಡಲೆ ಅವನು ತಲೆ ಬಗ್ಗಿಸುತ್ತಾನೆ, ಒಂದು ಗಳಿಗೆ ಹಾಗೇ ನಿಲ್ಲುತ್ತಾನೆ, ಕ್ಯಾಮೆರಾ ಇರುವುದು ಸರಿಯಾಗಿ ಬೋರ್ಡಿನ ಮೇಲೆ, ಬೆಳಗಿನ ಬೆಳಕು ಬಿದ್ದಾಗ ಮುಖ ಸಿಗಬಾರದು ಅಂತಲ್ಲದೆ ಇನ್ನೇನು. ಕಾರ್ತಿಕ ದೀಪದ ಮಾರನೆಯ ದಿನದಿಂದ ಇಲ್ಲಿದ್ದಾನೆ, ಅವನ ಮುಖ ಹೇಗಿದೆ ಅಂತ ರಾಜಾಮಣಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ, ಗೊತ್ತಿರುವುದು ನೆತ್ತಿ ಮಾತ್ರ, ನರೆತ ಕೂದಲ ನಡುವೆ ಬೋಳಾದ ಒಂದು ಬಿಲ್ಲೆ.

ಇರಲಿ, ಇವತ್ತು ಹತ್ತು ಗಂಟೆಗೆ ವ್ಯಾನ್ ಬರುತ್ತದೆ, ಸಂಘ ಗೊತ್ತು ಮಾಡಿದ ವ್ಯಾನ್, ಚಾರಿಂಗ್ ಕ್ರಾಸಿನಿಂದ ಮಾರ್ಕೆಟ್ಟಿನ ತನಕ ಅಂಗಡಿ ಜಗುಲಿಗಳಲ್ಲಿ ಮಲಗುವವರು ಎಂಟು ಜನ, ಯಾರು ಯಾವ ಜಗುಲಿ ಅಂತ ಬರೆದು ಆಗಿದೆ, ಮೊದಲು ಲೈಟು ಹಾಕಿಸಿದರು, ಆಮೇಲೆ ಕ್ಯಾಮೆರಾ, ಆಮೇಲೆ ಸಂಜೆ ಬಾಗಿಲು ಹಾಕುವಾಗ ಜಗುಲಿಗೆ ಎರಡು ಬಕೆಟ್ ನೀರು ಸುರಿಯಿರಿ ಅಂದರು, ಈ ಚಳಿಗೆ ಒದ್ದೆ ಕಲ್ಲಿನ ಮೇಲೆ ಯಾರು ಮಲಗುತ್ತಾರೆ, ರಾಜಾಮಣಿಯೂ ಎರಡು ದಿನ ಸುರಿಸಿದ, ಅವನು ರಟ್ಟಿನ ಮೇಲೆ ರಟ್ಟು ಹಾಕಿ ಮಲಗಿದ. ಕಳೆದ ವಾರ ಸಂಘದ ಹಾಲಿನಲ್ಲಿ ಮೀಟಿಂಗ್, ಶಕ್ತಿವೇಲ್ ಎದ್ದು ನಿಂತು, ಟೂರಿಸ್ಟ್ ಹೆಂಗಸರು ಹೆದರುತ್ತಾರೆ, ಸೀಸನ್ ಬರುತ್ತಾ ಇದೆ, ಒಂದು ನಿರ್ಧಾರ ಮಾಡಲೇಬೇಕು ಅಂದ, ಯಾರೋ, ಪಾಪ ಬಸ್ ಸ್ಟ್ಯಾಂಡಿನ ಹತ್ತಿರ ತಂಗುದಾಣ ಇದೆಯಲ್ಲ, ಅಲ್ಲಿಗೆ ಸೇರಿಸಿ ಅಂದರು, ಅಲ್ಲಿ ಹತ್ತು ಹಾಸಿಗೆ, ಕೆಳಗಿನ ಊರುಗಳಿಂದ ಬಂದವರೆಲ್ಲ ತುಂಬಿಕೊಂಡರೆ ಹೇಗೆ ಅಂದರು ಇನ್ನೊಬ್ಬರು, ಆಗ ಎದ್ದವನು ರಾಜಾಮಣಿಯೇ, ಯಾಕೆ ಎದ್ದನೋ, ಹಿಂದಿನ ಸಾಲಿನಲ್ಲಿ ಯಾರೋ, ಇವರಲ್ಲಿ ಬಡಗರೂ ಇರಬಹುದಪ್ಪಾ ಅಂದು ನಕ್ಕದ್ದು ಕಿವಿಗೆ ಬಿತ್ತು, ಈ ಬೆಟ್ಟದಲ್ಲೇ ಹುಟ್ಟಿದ ಬಡಗ ತಾನು, ಮೈಯೆಲ್ಲ ಉರಿದುಹೋಯಿತು, ಎದ್ದು ನಿಂತು ಹೇಳಿದ, ನಮ್ಮ ಜನ ಬೀದಿಯಲ್ಲಿ ಮಲಗಲ್ಲ ಸ್ವಾಮಿ, ಒಬ್ಬೊಬ್ಬನಿಗೂ ತನ್ನ ಊರು, ತನ್ನ ಹಟ್ಟಿ ಇದೆ, ಹಟ್ಟಿ ಇರೋವಾಗ ಯಾರಿಗೂ ಮನೆ ಇಲ್ಲ ಅಂತ ಆಗಲ್ಲ, ಇದ್ದರೆ ತೋರಿಸಿ, ನಾನೇ ಕರ್ಕೊಂಡು ಹೋಗ್ತೀನಿ. ಜನ ಚಪ್ಪಾಳೆ ತಟ್ಟಿದರು. ಹುರುಪಿಗೆ ಇನ್ನೊಂದು ಮಾತೂ ಸೇರಿಸಿದ, ಒಂದು ಫಾರಂ ಮಾಡಿ, ಇಲ್ಲಿಯವನೋ ಹೊರಗಿನವನೋ ಅಂತ ಅಂಗಡಿಯವನೇ ಬರೆದು ಸಹಿ ಹಾಕಲಿ, ಇಲ್ಲಿಯವನಾದರೆ ತಂಗುದಾಣ, ಹೊರಗಿನವನಾದರೆ ಘಾಟಿ ಇಳಿಸಿ ಕೆಳಗಿನ ಆಶ್ರಮಕ್ಕೆ. ಒಳ್ಳೇ ಐಡಿಯಾ ಅಣ್ಣಾ, ಎಂದ ಶಕ್ತಿವೇಲ್, ಮಾರನೇ ದಿನವೇ ಫಾರಂ ಅಚ್ಚಾಗಿ ಬಂತು, ಅದು ಈಗ ರಾಜಾಮಣಿಯ ಕೋಟಿನ ಜೇಬಿನಲ್ಲಿದೆ, ನಾಲ್ಕು ಮಡಿಕೆ.

ಸಾಕು, ಬೀಗ ತೆಗೆಯಬೇಕು, ಬೆರಳಚ್ಚು ಹಾಳಾಗಿ ಹೋಗಲಿ, ಬಟ್ಟೆಯ ಗಂಟು ಎಳೆದರೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ಕೀಲಿಕೈ ಹಾಕಿದರೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತದೆ, ಆಚೆ ಬದಿಯ ವರ್ಕಿ ಬಿಸ್ಕತ್ತಿನ ಅಂಗಡಿಯವನು ಕಾಗದ ಉರಿಸಿ ತನ್ನ ಬೀಗಕ್ಕೆ ಹಿಡಿದಿದ್ದಾನೆ, ರಾತ್ರಿ ಹಿಮ ಬಿದ್ದಿದೆ, ಬೀಗದೊಳಗೆ ನೀರು ಕಲ್ಲಾಗಿದೆ, ಬೈಯುತ್ತಿದ್ದಾನೆ, ಅಲ್ಲಿ ಕಲ್ಲಾದದ್ದು ಇಲ್ಲಿ ಯಾಕೆ ಆಗಲಿಲ್ಲ – ರಾಜಾಮಣಿಯ ಕೈ ಕೀಲಿಯ ಮೇಲೇ ನಿಂತುಬಿಡುತ್ತದೆ. ಅಪ್ಪ, ಹಟ್ಟಿಯ ಆಲೂಗಡ್ಡೆ ಕೊಟ್ಟಿಗೆ, ಚಹಾ ಗಿಡ ಹಾಕುವ ಮೊದಲಿನ ಮಾತು, ಹಿಮ ಬೀಳುವ ರಾತ್ರಿ ಅಪ್ಪ ಗೋಣಿಯ ತುಂಡು ಹುಡುಕುತ್ತಿದ್ದ, ಬೀಗಕ್ಕೆ ಸುತ್ತಿ ಎರಡು ಗಂಟು ಹಾಕುತ್ತಿದ್ದ, ಎರಡನೆಯದು ಉಲ್ಟಾ, ಎಳೆದರೆ ಬಿಚ್ಚುವ ಹಾಗೆ, ಬೆಳಿಗ್ಗೆ ಬೆರಳು ಮರಗಟ್ಟಿರುತ್ತೆ ಮಗನೇ, ಗಂಟು ತಾನಾಗಿ ಬಿಚ್ಚಬೇಕು ಅನ್ನುತ್ತಿದ್ದ. ಇದು ಅದೇ ಗಂಟು. ಕೆಳಗಿನ ಊರಿನವನಿಗೆ ಹಿಮದ ಬೀಗದ ವಿಷಯ ಹೇಗೆ ಗೊತ್ತು, ಕೊಯಮತ್ತೂರಿನಲ್ಲಿ ಯಾವ ಬೀಗ ಹೆಪ್ಪುಗಟ್ಟುತ್ತದೆ, ಹಾಗಾದರೆ ಇವನು, ಇಲ್ಲ, ಯಾವುದೋ ಎಸ್ಟೇಟಿನಲ್ಲಿ ವಾಚ್‌ಮನ್ ಆಗಿದ್ದಿರಬೇಕು, ಅಲ್ಲಿ ನೋಡಿ ಕಲಿತಿರಬೇಕು, ಕಲಿಯಲಿಕ್ಕೆ ಏನು, ಯಾರು ಬೇಕಾದರೂ ಕಲಿಯಬಹುದು. ಹಿಂದಿನಿಂದ ಚಪ್ಪಲಿ ಸದ್ದು, ಪಂಕಜಂ, ಸೋಲೂರು ಬಸ್ಸಿನಿಂದ ಇಳಿದು ನೇರ ಬಂದಿದ್ದಾಳೆ, ಹನ್ನೊಂದು ವರ್ಷದಿಂದ ಈ ಅಂಗಡಿಯಲ್ಲಿ ಸ್ವೆಟರ್ ಮಡಚುವವಳು, ನಮ್ಮವಳೇ, ಅವಳ ದೃಷ್ಟಿ ಮೊದಲು ಆ ಮೆಟ್ಟಿಲ ಕಡೆ ಹೋಗಿ ಆಮೇಲೆ ಇತ್ತ ಬರುತ್ತದೆ, ಸ್ವೆಟರ್ ಪೆಟ್ಟಿಗೆಯ ರಟ್ಟು ಅವನಿಗೆ ಕೊಡುತ್ತಿರುವವಳು ಇವಳೇ ಇರಬೇಕು, ಇವರಿಬ್ಬರ ನಡುವೆ ಏನು ಮಾತುಕತೆ, ಒಳಗಿನ ಸರಕಿನ ಸುದ್ದಿ ಇವಳೇ ಕೊಟ್ಟಿದ್ದರೆ, ಛೆ, ಪಂಕಜಂ ಅಂಥವಳಲ್ಲ, ಅಂಥವಳಲ್ಲ ಅಂತ ಯಾರ ಬಗ್ಗೆ ತಾನೆ ಹೇಳಲಾಗುತ್ತದೆ. ಪಂಕಜಂ, ಅವನ ಜೊತೆ ಏನಾರೂ ಮಾತಾಡಿದ್ದೀಯಾ. ಇಲ್ಲೆ ಅಣ್ಣಾ, ಅಮ ಮಾತಾಡೋನಲ್ಲ, ಅಂದಳು ಅವನತ್ತ ಗಲ್ಲ ತೋರಿಸಿ. ಮತ್ತೆ ರಟ್ಟು. ರಟ್ಟು ಎಸೆಯೋದು ತಾನೇ ಅಣ್ಣಾ. ಹಟ್ಟಿ ಏದು ಅಂತ ಕೇಳಿದೆಯಾ – ಈ ಮಾತು ಬಾಯಿಂದ ಹೇಗೆ ಜಾರಿತು, ಹಟ್ಟಿ ಯಾವುದು ಎಂದು ಹೊರಗಿನವರನ್ನು ಯಾರೂ ಕೇಳುವುದಿಲ್ಲ, ಪಂಕಜಂ ಷಟರಿನ ಹಿಡಿ ಹಿಡಿದವಳು ಹಾಗೇ ನಿಂತು ರಾಜಾಮಣಿಯ ಮುಖವನ್ನೇ ನೋಡಿದಳು, ಅಣ್ಣನಿಗೂ ಹಾಗೇ ತೋರುತ್ತಾ ಅಂದಳು. ಏನು ತೋರುತ್ತೆ, ಒಳಗೆ ಹೋಗು, ಕಸ ಗುಡಿಸು.

ವ್ಯಾನ್ ಬಂತು, ಹತ್ತಕ್ಕೆ ಇನ್ನೂ ಕಾಲು ಗಂಟೆ ಇದೆ, ಶಕ್ತಿವೇಲ್ ಮಾತ್ರ ಇಂಥದ್ದಕ್ಕೆ ಹೊತ್ತಿಗೆ ಮೊದಲೇ, ಬಿಳೀ ವ್ಯಾನ್, ಬಾಗಿಲು ಗಿಡ್ಡ, ಒಳಗೆ ಆಗಲೇ ಮೂವರು ಕೂತಿದ್ದಾರೆ, ಶಕ್ತಿವೇಲ್ ಇಳಿದ, ಹಿಂದೆ ಒಬ್ಬಳು ಕಾನ್‌ಸ್ಟೆಬಲ್, ಕೀರ್ತನಾ ಎಂದು ಎದೆಯ ಮೇಲಿದೆ, ಮಸಿನಗುಡಿ ಕಡೆಯ ಕಾಡಿನ ಜನದ ಹುಡುಗಿ, ಇಪ್ಪತ್ತೈದರ ಮೇಲಿಲ್ಲ. ಅವನು ಓಡಲಿಲ್ಲ, ಓಡಿದ್ದರೆ ಎಷ್ಟು ಚೆನ್ನಾಗಿತ್ತು, ಓಡುವವನು ಕಳ್ಳ ಎಂದು ಮನಸ್ಸು ತಣ್ಣಗಾಗುತ್ತಿತ್ತು. ಹೆಸರೇನಪ್ಪಾ, ಅಂದ ಶಕ್ತಿವೇಲ್. ನಂಜ. ಊರು. ಮನೆಯವರು ಯಾರಾದರೂ. ಅವನು ಕಂಬಳಿಯ ಸುತ್ತನ್ನು ಕಂಕುಳಿಗೆ ಸೇರಿಸಿಕೊಂಡ. ನಂಜ ಅಂದರೆ ನಿಮ್ಮ ಕಡೆ ಹೆಸರಲ್ವಾ ಅಣ್ಣಾ, ಶಕ್ತಿವೇಲ್ ಈ ಕಡೆ ತಿರುಗಿದ, ಬಾಯಲ್ಲಿ ನಗು ಇತ್ತೋ ಇಲ್ಲವೋ, ಇತ್ತು, ಹಿಂದಿನ ಸಾಲಿನಲ್ಲಿ ನಕ್ಕವನು ಇವನೇ ಇರಬಹುದು, ಚಪ್ಪಾಳೆ ತಟ್ಟಿಸಿದ್ದೂ ಇವನೇ ಇರಬಹುದು, ಇದೆಲ್ಲ ಬೇಕೆಂದೇ ಮಾಡಿದ್ದು, ಬಡಗ ತಾನೇ ತೋಡಿದ ಗುಂಡಿಗೆ ಬೀಳಲಿ ಎಂದು. ನಂಜ ಅನ್ನೋ ಹೆಸರು ಯಾರಿಗಿಲ್ಲ, ಕಾಡಿನ ಜನಕ್ಕಿದೆ, ಮೈಸೂರು ಕಡೆಯೆಲ್ಲ ಇದೆ, ಅಂದ ರಾಜಾಮಣಿ, ಸ್ವರ ಜೋರಾಯಿತು. ಕಾನ್‌ಸ್ಟೆಬಲ್ ಹುಡುಗಿ ಹೇಳಿದಳು, ಸಾರ್, ನಮ್ಮ ಕಡೆಯವರಾಗಿದ್ದರೆ ನನಗೆ ಗೊತ್ತಾಗ್ತಿತ್ತು, ಇವರು ಅಲ್ಲ, ನೀವು ಒಂದು ಸಲ ಸರಿಯಾಗಿ ನೋಡಿ ಸಾರ್. ನೋಡಿದ. ಆಗಲೇ ಅವನು ಎರಡು ಹೆಜ್ಜೆ ಮುಂದೆ ಬಂದ, ಟೊಪ್ಪಿ ತೆಗೆದ, ತಲೆ ಬಗ್ಗಿಸಿದ, ಒಂದು ಮೊಳದ ದೂರದಲ್ಲಿ, ಇಲ್ಲಿ ಕ್ಯಾಮೆರಾ ಇಲ್ಲ, ಕ್ಯಾಮೆರಾ ಅವನ ಬೆನ್ನಿಗಿದೆ, ಮುಖ ಮುಚ್ಚಲಿಕ್ಕಲ್ಲ, ಅಯ್ಯೋ, ಇದು ಮುಖ ಮುಚ್ಚಲಿಕ್ಕಲ್ಲ, ಐವತ್ತು ದಿನದಿಂದ ದಿನಾ ಬೆಳಿಗ್ಗೆ ಇವನು, ನಮ್ಮ ಹಟ್ಟಿಗಳಲ್ಲಿ ಚಿಕ್ಕವನು ದೊಡ್ಡವನಿಗೆ ತಲೆ ಕೊಡುವ ಹಾಗೆ, ತಲೆ ಕೊಟ್ಟಿದ್ದಾನೆ, ದೊಡ್ಡವನು ಅದರ ಮೇಲೆ ಬಲಗೈ ಇಟ್ಟು ಒಂದು ಒಂಬತ್ತಾಗಲಿ, ಬದುಕು ಅನ್ನಬೇಕು, ಕೈ ಬಿದ್ದ ಮೇಲೆಯೇ ತಲೆ ಎತ್ತಬೇಕು, ಮಾತು ಬಿಟ್ಟ ಅಣ್ಣತಮ್ಮಂದಿರೂ ಸಾವಿನ ಮನೆಯಲ್ಲಿ ಎದುರಾದರೆ ಇದನ್ನು ತಪ್ಪಿಸುವುದಿಲ್ಲ, ಮದುವೆಯ ಮನೆಯಲ್ಲಿ ಸಾಲಾಗಿ ಬರುವ ತಲೆಗಳಿಗೆ ಬೇರೇನೋ ಮಾತಾಡುತ್ತಲೇ ಕೈ ಇಟ್ಟಿದ್ದಾನೆ ರಾಜಾಮಣಿ, ನೋಡದೆಯೇ ಗೊತ್ತಾಗುತ್ತಿತ್ತು, ಈ ಒಂದು ತಲೆ ಮಾತ್ರ ಹೇಗೆ ಗೊತ್ತಾಗಲಿಲ್ಲ, ಬೀದಿಯಲ್ಲಿ ಮಲಗುವವನಿಂದ ಬರುತ್ತದೆಂದು ಯಾರು ನೆನೆಸುತ್ತಾರೆ. ಬಲಗೈ ಕೋಟಿನ ಜೇಬಿನಲ್ಲಿ ಫಾರಂ ಹಿಡಿದಿದೆ. ಕೈ ಮಡಗು ಅಣ್ಣಾ, ಹಿಂದಿನಿಂದ ಪಂಕಜಂ, ಉಸಿರಿನಷ್ಟೇ ಸಣ್ಣಗೆ. ಇಟ್ಟರೆ ಆಯಿತು, ಶಕ್ತಿವೇಲ್ ನೋಡುತ್ತಾನೆ, ಊಟಿಯಲ್ಲಿ ಅಂಗಡಿ ಇಟ್ಟ ಅವನಿಗೆ ಆ ಕೈಯ ಅರ್ಥ ಗೊತ್ತು, ನಿಮ್ಮವನಾ ಅಣ್ಣಾ, ಅವತ್ತು ಹಾಗಂದಿರಿ, ಹಟ್ಟಿ ಯಾವುದು, ಕರ್ಕೊಂಡು ಹೋಗಿ ಅಂತಾನೆ, ಹಟ್ಟಿಯವರು ಯಾಕೆ ಹೊರಗೆ ಹಾಕಿದರೋ, ಏನು ಮಾಡಿ ಬಂದವನೋ, ಕುಡಿತವೋ, ಹೆಂಡತಿಯೋ, ಆಸ್ತಿಯ ಜಗಳವೋ, ನಾಳೆ ಇಡೀ ಮಾರ್ಕೆಟ್ ನಗುತ್ತೆ, ಮಾತು ಕೊಟ್ಟವನು ತಾನು. ಹೊರಗಿನವನು, ಎಂದ ರಾಜಾಮಣಿ, ಜೇಬಿನಿಂದ ಕೈ ತೆಗೆದ, ಫಾರಂ ಬಿಚ್ಚಿದ, ಅಂಗಡಿಯ ಗೋಡೆಗೆ ಒತ್ತಿ ಹಿಡಿದು ಬರೆದ, ಸಹಿ ಹಾಕಿದ, ಅಷ್ಟು ಹೊತ್ತೂ ಆ ತಲೆ ಬಗ್ಗಿಯೇ ಇತ್ತು.

ಈಗ ಹತ್ತೂ ಹತ್ತು, ವ್ಯಾನ್ ಬಸ್ ಸ್ಟ್ಯಾಂಡಿನಲ್ಲಿ ಇನ್ನಿಬ್ಬರನ್ನು ಹತ್ತಿಸಿಕೊಂಡು ಹತ್ತೂವರೆಗೆ ಘಾಟಿ ಇಳಿಯುತ್ತದೆ ಎಂದಿದ್ದಾನೆ ಶಕ್ತಿವೇಲ್, ನಡೆದರೆ ಹತ್ತು ನಿಮಿಷ, ಓಡಿದರೆ ಆರು, ಮಂಡಿ ನೋವು ಇದೆಯಲ್ಲ, ಆಟೋ ಹಿಡಿಯಬಹುದು, ತಪ್ಪಾಯಿತು, ಒಂದು ಗೀಟು ತಿದ್ದಬೇಕು ಅಂದರೆ ಮುಗಿಯಿತು, ಪಂಕಜಂ ಕೌಂಟರಿನ ಆಚೆ ಮಕ್ಕಳ ಮಂಕಿ ಕ್ಯಾಪುಗಳನ್ನು ಜೋಡಿಸುತ್ತಿದ್ದಾಳೆ, ಅವಳು ಒಂದು ಮಾತು ಬೈದಿದ್ದರಾದರೂ ಹಗುರವಾಗುತ್ತಿತ್ತು, ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲವೇನೋ, ಸೋಲೂರಿನಲ್ಲಿ ಹೇಳಿಬಿಡುತ್ತಾಳೇನೋ, ಹೇಳಲಿ, ಹೋಗಿ ಏನು ಮಾಡುವುದು, ವ್ಯಾನಿನ ಕಿಟಕಿಯ ಹತ್ತಿರ ನಿಂತು, ನಂಜಾ, ಹಟ್ಟಿ ಏದು ಅಂತ ಕೇಳಿದರೆ ಅವನು ಹೇಳುತ್ತಾನಾ, ಐವತ್ತು ದಿನ ಕೇಳದವನಿಗೆ ಯಾಕೆ ಹೇಳಬೇಕು, ಆದರೂ ಟೊಪ್ಪಿ ತೆಗೆದು ಇನ್ನೊಂದು ಸಲ ತಲೆ ಬಗ್ಗಿಸಿದರೆ ಈ ಸಲ ಕೈ ಇಡಬಹುದು, ಎಲ್ಲರ ಎದುರಿಗೇ ಇಡಬಹುದು, ಬಗ್ಗಿಸುತ್ತಾನಾ – ಶಕ್ತಿವೇಲ್ ಮೊಳಕೈ ಹಿಡಿದು ಎಳೆದಾಗಲೂ ಅವನು ತಲೆ ಎತ್ತಲಿಲ್ಲ, ಬಗ್ಗಿದ ತಲೆಯಲ್ಲೇ ವ್ಯಾನಿನ ತನಕ ನಡೆದ, ನೆಲ ಮಾತ್ರ ನೋಡುತ್ತಾ, ಕೈ ಬಿದ್ದಿಲ್ಲವಲ್ಲ, ಬೀಳುವ ತನಕ ಎತ್ತುವ ಹಾಗಿಲ್ಲ, ಬಾಗಿಲು ಗಿಡ್ಡ, ಆ ಹುಡುಗಿ, ಹುಷಾರು ಅಣ್ಣಾ, ತಲೆ ತಾಗುತ್ತೆ, ಎಂದು ಅವನ ನೆತ್ತಿಯ ಮೇಲೆ ಅಂಗೈ ಇಟ್ಟಳು, ಆ ಬೋಳು ಬಿಲ್ಲೆಯ ಮೇಲೆ, ಪೊಲೀಸಿನವರು ಎಲ್ಲರಿಗೂ ಇಡುವ ಹಾಗೆ, ಅಷ್ಟೇ, ಅವನು ಅಲ್ಲೇ ನಿಂತುಬಿಟ್ಟ, ಕಣ್ಣು ಮುಚ್ಚಿದ, ನಿಂತೇ ಇದ್ದ, ಅವಳಿಗೆ ಯಾಕೆಂದು ತಿಳಿಯಲಿಲ್ಲ, ಕೈ ತೆಗೆಯಲೂ ಇಲ್ಲ, ಆಮೇಲೆ ಅವನು ತಲೆ ಎತ್ತಿದ, ಮೊದಲ ಸಲ ಅವನ ಮುಖ ಕಂಡಿತು, ರಾಜಾಮಣಿಯ ಕಡೆ ನೋಡಲಿಲ್ಲ, ಆ ಹುಡುಗಿಯನ್ನು ನೋಡಿದ, ಒಳಗೆ ಹತ್ತಿ ಕೂತ, ಓಡಿದರೆ ಆರು ನಿಮಿಷ, ಇನ್ನೊಂದು ಸಲ ಬಗ್ಗಿಸಿದರೆ, ಬಗ್ಗಿಸುವುದಿಲ್ಲ, ಕೈ ಬಿದ್ದ ಮೇಲೆ ಯಾರು ಬಗ್ಗಿಸುತ್ತಾರೆ, ಆ ಅಂಗೈ, ಆ ನೆತ್ತಿ, ಅವಳ ಅಂಗೈ, ನೆತ್ತಿಯ ಮೇಲೆ