ಬುತ್ತಿ ಹುಳಿಯಾಗದಷ್ಟು ದೂರ

ನನ್ನ ತಂಗಿ ದೇವಿರಮ್ಮನಿಗೆ ಕಿಲೋಮೀಟರಿನಲ್ಲಿ ನಂಬಿಕೆಯಿಲ್ಲ. ಅವಳು ದೂರ ಅಳೆಯುವುದು ಮೊಸರನ್ನದಲ್ಲಿ. ಬೆಳಿಗ್ಗೆ ಕಟ್ಟಿದ ಬುತ್ತಿ ಹುಳಿಯಾಗುವ ಮೊದಲು ಮಗಳ ಮನೆ ಸೇರಬೇಕು, ಅದರಾಚೆ ಹೆಣ್ಣು ಕೊಡಬಾರದು. ದೊಡ್ಡ ಮಗಳು ರಂಜಿತಳನ್ನು ಕೆರಗೋಡಿಗೆ ಕೊಟ್ಟದ್ದು ಹೀಗೆಯೇ. ತಂಗಿಯ ಊರು ಬೆಸಗರಹಳ್ಳಿಯಲ್ಲಿ ಬಸ್ಸು ಹತ್ತಿ ಹೊರಟರೆ ಬುತ್ತಿಗೆ ಏನೂ ಆಗದು.

ಚಿಕ್ಕವಳು ಶ್ವೇತ ಮೆಚ್ಚಿದ ಹುಡುಗ ರಘುನಂದನ್ ಮದ್ದೂರಿನವನೇ. ಕೆಲಸ ಮಾತ್ರ ಗುವಾಹಟಿಯಲ್ಲಿ.

"ಎಷ್ಟು ದೂರವೇ?" ಎಂದಳು ದೇವಿರಮ್ಮ.

"ಮೂರು ಸಾವಿರ ಕಿಲೋಮೀಟರ್ ಹತ್ರ. ವಿಮಾನದಲ್ಲಿ ಮೂರೇ ಗಂಟೆ ಕಣವ್ವ."

"ಮೂರು ಗಂಟೇಲಿ ನಮ್ ಬಸ್ಸು ಬೆಂಗ್ಳೂರೇ ದಾಟಾಕಿಲ್ಲ. ಯಾರ್ಗೆ ಕತೆ ಏಳ್ತೀಯೆ, ಬುಡು!"

ಓದಿದವಳು ಅಂತ ಮಂಡ್ಯದಿಂದ ನನ್ನನ್ನು ಕರೆಸಿದರು. ನಾನು ಭೂಪಟ ಬಿಡಿಸಿ ತೋರಿಸಿದೆ. ಕೆಲಸ ಇನ್ನಷ್ಟು ಕೆಟ್ಟಿತು. ತಂಗಿ ಅದರ ಮೇಲೆ ಉದ್ದಕ್ಕೆ ಬೆರಳೆಳೆದು, "ಅಕ್ಕ, ಇದು ದೇಸದ ಅಂಚು. ಇನ್ನೊಂದ್ ಚೂರು ಜರುಗಿದ್ರೆ ಬಿದ್ದೋಯ್ತಾಳೆ" ಎಂದಳು. ಶ್ವೇತ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಬೇರೆ ಗಂಡು ನೋಡುವ ಮಾತು ಆಗಲೇ ಶುರುವಾಗಿತ್ತು.

ಸುದ್ದಿ ಗುವಾಹಟಿ ಮುಟ್ಟಿತು. ಮುಂದಿನ ಭಾನುವಾರ ಸಂಜೆ ರಘುನಂದನ್ ಬಂದು ಜಗಲಿಯಲ್ಲಿ ನಿಂತ. ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ.

"ಬೆಳಿಗ್ಗೆ ಅಲ್ಲಿ ನಾನೇ ಕಲಸಿ ತಂದ ಮೊಸರನ್ನ. ನೀವೇ ನೋಡಿ, ಅತ್ತೆ."

"ಇನ್ನೂ ಅತ್ತೆ ಆಗಿಲ್ಲ ಕಣಪ್ಪ. ಕೂತ್ಕೊ."

ಒಂದು ತುತ್ತು ಬಾಯಿಗಿಟ್ಟ ದೇವಿರಮ್ಮ ಕಣ್ಣು ಕಿರಿದು ಮಾಡಿದಳು. ಹುಳಿ. ಬಾಗಿಲ ಮರೆಯಲ್ಲಿದ್ದ ಶ್ವೇತಳ ಮುಖ ಬಾಡಿತು.

"ವಿಮಾನ ಇಳಿದಾಗ ಮೂಸಿ ನೋಡಿದ್ದೆ, ಚೆನ್ನಾಗೇ ಇತ್ತು," ಎಂದ ಹುಡುಗ. "ಆಮೇಲೆ ಬೆಂಗಳೂರು ಟ್ರಾಫಿಕ್ಕು. ವಿಮಾನ ಹಾರಿದ್ದಕ್ಕಿಂತ ಹೆಚ್ಚು ಹೊತ್ತು ಹಿಡೀತು."

ಅವನ ತುಟಿ ಒಣಗಿತ್ತು. ನಾನು ಮಜ್ಜಿಗೆ ತಂದುಕೊಟ್ಟೆ. ಒಂದೇ ಗುಟುಕಿಗೆ ಕುಡಿದ.

ದೇವಿರಮ್ಮ ಡಬ್ಬಿ ಬಿಟ್ಟು ಬಟ್ಟೆ ಮುಟ್ಟಿ ನೋಡುತ್ತಿದ್ದಳು. ಬಿಳಿ ವಸ್ತ್ರ, ಕೆಂಪು ಅಂಚು, ಇನ್ನೂ ತೇವವಾಗಿತ್ತು. "ಇದ್ಯಾರ್ದು?"

"ಪಕ್ಕದ ಸೀಟಿನ ಅಜ್ಜೀದು, ಗುವಾಹಟಿಯವರು. ಡಬ್ಬಿ ಯಾಕೆ ತೊಡೆ ಮೇಲಿಟ್ಕೊಂಡಿದ್ದೀಯ ಅಂದ್ರು. ಹೇಳಿದೆ. ನಕ್ಕುಬಿಟ್ಟು, ಕುಡಿಯೋ ನೀರಲ್ಲಿ ಇದನ್ನ ನೆನೆಸಿ ಅವರೇ ಸುತ್ತಿಕೊಟ್ರು. ವಾಪಸ್ ಕೊಟ್ಟರೆ ತಗೊಳ್ಳಲಿಲ್ಲ. ಅವರ ಮಗಳನ್ನ ಬೆಂಗಳೂರಿಗೆ ಕೊಟ್ಟಿದ್ದಾರಂತೆ. ಅವರೂ ಒಂದು ಚೀಲ ತಿಂಡಿ ಕಟ್ಕೊಂಡು ಹೊರಟಿದ್ರು."

"ಅಷ್ಟ್ ದೂರದಿಂದ? ಒಬ್ರೇನಾ?"

"ಒಬ್ರೇ. ವರ್ಷಕ್ಕೆರಡು ಸಲ ಬರ್ತಾರಂತೆ."

ದೇವಿರಮ್ಮ ವಸ್ತ್ರವನ್ನು ಕೊಡವಿ, ಅಂಚು ಸರಿಮಾಡಿ, ಹಗ್ಗದ ಮೇಲೆ ಹರವಿದಳು. ಆಮೇಲೆ ನನ್ನತ್ತ ತಿರುಗಿದಳು.

"ಬುತ್ತಿ ಕೆಡಿಸಿದ್ದು ಬೆಂಗ್ಳೂರು ಕಣಕ್ಕ. ಅದ್ಕೆ ಗುವಾಟಿ ಏನ್ ಮಾಡ್ತು, ಪಾಪ?"

ಹಿತ್ತಲಲ್ಲಿದ್ದ ಗಂಡ ಸಿದ್ದರಾಜುವಿಗೆ ಕೇಳುವಂತೆ ಕೂಗಿದಳು: "ರೀ, ಮದ್ದೂರ್ಗೆ ಫೋನ್ ಮಾಡಿ. ಮಾತುಕತೆಗೆ ಬನ್ನಿ ಅಂತ ಏಳಿ."

ಶ್ವೇತ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ಏನ್ ಅಲ್ಲು ಕಿರೀತೀಯೆ?" ಎಂದು ಗದರಿದಳು ತಾಯಿ. "ಓಗು, ಮುದ್ದೆಗೆ ಎಸರಿಡು. ಬೆಳಗಿಂದ ಬುತ್ತಿ ಒತ್ಕೊಂಡು ಅಸ್ಕೊಂಡೇ ಬಂದದೆ ಆ ಮಗ."