ಮೊಮ್ಮಗಳು ಮರೆಯಾಗುವ ಮುಂಚೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಆಕಾಶದಿಂದ ಶುರು ಮಾಡಿದರೆ ನೀವು ಎರಡನೇ ಪ್ಯಾರಾಕ್ಕೇ ಪುಸ್ತಕ ಮಡಚಿಡುತ್ತೀರಿ. ಆಕಾಶ ಬಿಟ್ಟು ಶುರು ಮಾಡಿದರೆ ಮುಂದೆ ನಡೆಯುವುದು ಒಂದೂ ಅರ್ಥವಾಗುವುದಿಲ್ಲ. ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಈ ಊರಿಗೆ ಎರಡು ಸೂರ್ಯ. ದೊಡ್ಡದು ಆರುತ್ತಿರುವ ಕೆಂಡದ ಹಾಗೆ ಕೆಂಪಗಿದೆ. ಜನ ಅದನ್ನು ಅಜ್ಜ ಅನ್ನುತ್ತಾರೆ. ಚಿಕ್ಕದು ಕಣ್ಣು ಕುಕ್ಕುವಷ್ಟು ಬೆಳ್ಳಗೆ, ಅದು ಮೊಮ್ಮಗಳು. ಬೆಳಕು ಬಹುಪಾಲು ಮೊಮ್ಮಗಳದ್ದೇ. ಹದಿನೆಂಟು ದಿನಕ್ಕೊಮ್ಮೆ ಅವಳು ಅಜ್ಜನ ಬೆನ್ನ ಹಿಂದೆ ಹೋಗಿಬಿಡುತ್ತಾಳೆ. ಆಗ ನಲವತ್ತು ನಿಮಿಷ ಊರು ಕೆಂಪುಗತ್ತಲಲ್ಲಿ ಮುಳುಗುತ್ತದೆ, ಜೋರು ಗಾಳಿ ಏಳುತ್ತದೆ, ಹಸಿರು ಬಳಿದದ್ದೆಲ್ಲ ಕಪ್ಪಾಗಿ ಕಾಣುತ್ತದೆ.

(ಆಕಾಶ ಮುಗಿಯಿತು. ನೀವಿನ್ನೂ ಇಲ್ಲೇ ಇದ್ದೀರಿ. ದೊಡ್ಡ ಮನಸ್ಸು.)

೨

ಗ್ರಹಣ ಕಚೇರಿಯಲ್ಲಿ ಒಬ್ಬ ಲೆಕ್ಕಗಾರ್ತಿ ಇದ್ದಳು. ಕಚೇರಿಯ ಅಂಗಳದಲ್ಲಿ ಒಂದು ಕಂಬ, ಕಂಬಕ್ಕೆ ಎರಡು ನೆರಳು. ಕಾಲುಗಂಟೆಗೊಮ್ಮೆ ಹಿತ್ತಾಳೆ ಅಳತೆಪಟ್ಟಿ ಹಿಡಿದು ಆ ಎರಡು ನೆರಳುಗಳ ನಡುವಿನ ಅಂತರ ಅಳೆಯುವುದು ಅವಳ ಕೆಲಸ. ಅಂತರ ಕಮ್ಮಿಯಾದಷ್ಟೂ ಗ್ರಹಣ ಹತ್ತಿರ. ಅಳತೆ ಬರೀ ರೂಢಿಗೆ. ಪ್ರಧಾನ ಕಚೇರಿಯಿಂದ ಅಚ್ಚಾಗಿ ಬರುವ ಪಟ್ಟಿಯಲ್ಲಿದ್ದದ್ದೇ ಗ್ರಹಣದ ಸಮಯ. ಅದಕ್ಕೆ ಇಪ್ಪತ್ತು ನಿಮಿಷ ಮೊದಲು ಸೈರನ್. ಎತ್ತರದಲ್ಲಿ ಕೆಲಸ ಮಾಡುವವರೆಲ್ಲ ಆಗ ಕೆಳಗಿಳಿಯಬೇಕು.

ಅವತ್ತು ಪಟ್ಟಿಯಲ್ಲಿ ಇದ್ದದ್ದು ಮೂರು ಗಂಟೆ. ಎರಡೂವರೆಗೆ ಅಳೆದಾಗ ನೆರಳುಗಳು ಬೇರೆ ಮಾತು ಹೇಳಿದವು. ಅವಳು ಮತ್ತೆ ಅಳೆದಳು, ಬೆನ್ನು ಬಗ್ಗಿಸಿ ಮೂರನೇ ಸಲ ಅಳೆದಳು. ಗ್ರಹಣ ಎರಡು ನಲವತ್ತೊಂಬತ್ತಕ್ಕೇ ಬರಲಿತ್ತು. ಸೈರನ್ ಕೂಗುವುದು ಎರಡು ನಲವತ್ತಕ್ಕೆ. ಅಂದರೆ ಇಳಿಯಲು ಸಿಗುವುದು ಒಂಬತ್ತು ನಿಮಿಷ. ಸೇತುವೆಯ ಗೋಪುರದ ತುದಿಯಿಂದ ಇಳಿಯಲು ಹದಿನೈದು ನಿಮಿಷವಾದರೂ ಬೇಕು. ಗೋಪುರದ ಮೇಲೆ ಐದು ಜನ ಬಣ್ಣ ಬಳಿಯುತ್ತಿದ್ದರು. ಅವರಲ್ಲಿ ಒಬ್ಬಳು ಅವಳ ನಾದಿನಿ.

ಸಾಹೇಬರ ಹತ್ತಿರ ಓಡಿದಳು. ಹದಿನಾಲ್ಕು ವರ್ಷದಲ್ಲಿ ಪಟ್ಟಿ ಒಂದು ಸಲವೂ ತಪ್ಪಿಲ್ಲ ಎಂದು ಸಾಹೇಬರು ನೆನಪಿಸಿದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ, ತಪ್ಪಿದ್ದು ಯಾರು ಅನ್ನುವುದನ್ನೂ ನೆನಪಿಸಿದರು.

೩

(ಇಲ್ಲಿ ಫ್ಲ್ಯಾಶ್‌ಬ್ಯಾಕ್ ಹಾಕಬಾರದು ಅಂದುಕೊಂಡಿದ್ದೆ. ಹಳೇ ಟ್ರಿಕ್. ಆದರೆ ಹೇಳದೇ ಇದ್ದರೆ ಸಾಹೇಬರ ಮಾತು ಅವಳಿಗೆ ಯಾಕೆ ಚುಚ್ಚಿತು ಅಂತ ನಿಮಗೆ ತಿಳಿಯುವುದಿಲ್ಲ.)

ಎರಡು ವರ್ಷದ ಹಿಂದೆ ಅಳತೆಪಟ್ಟಿ ಜಾರಿದ್ದನ್ನು ಅವಳು ಗಮನಿಸಿರಲಿಲ್ಲ. ಗ್ರಹಣ ತಲೆಯ ಮೇಲೇ ಬಂತು ಅಂದುಕೊಂಡು, ಯಾರನ್ನೂ ಕೇಳದೆ ಸೈರನ್ ಒತ್ತಿದ್ದಳು. ಗೋಪುರದ ಮೇಲಿದ್ದವರು ಜೀವ ಕೈಯಲ್ಲಿ ಹಿಡಿದು ಏಣಿಯಲ್ಲಿ ಓಡಿ ಇಳಿದರು. ಅವಸರದಲ್ಲಿ ಸೊಂಟದ ಹಗ್ಗದ ಕೊಕ್ಕೆಯನ್ನು ಏಣಿಗೆ ಹಾಕಿಕೊಳ್ಳಲು ಮರೆತು ಬಿದ್ದು ಸತ್ತವನು ಅವಳ ಗಂಡ. ಬಿಸಿಲು ಹಾಗೇ ಇತ್ತು. ಅವನಿಗಿಂತ ಎರಡು ಮೆಟ್ಟಿಲು ಮೇಲೆ ಅವನ ತಂಗಿ ಇದ್ದಳು.

ಅತ್ತಿಗೆ ನಾದಿನಿ ಈಗಲೂ ಒಂದೇ ಮನೆಯಲ್ಲಿದ್ದಾರೆ. ಒಂದೇ ಒಲೆ, ಒಂದೇ ಬಚ್ಚಲು. ಮಾತಿಲ್ಲ. ಉಪ್ಪು ಬೇಕೆಂದು ಒಬ್ಬಳು ಅತ್ತಿತ್ತ ನೋಡಿದರೆ ಇನ್ನೊಬ್ಬಳು ಡಬ್ಬಿಯನ್ನು ಆ ಕಡೆ ತಳ್ಳುತ್ತಾಳೆ, ಅಷ್ಟೆ.

೪

ಮೊದಲ ಡ್ರಾಫ್ಟಿನಲ್ಲಿ ಹೀಗೆ ಬರೆದಿದ್ದೆ: “ಅವಳು ಸಾಹೇಬರನ್ನು ತಳ್ಳಿಕೊಂಡು ಹೋಗಿ ಸೈರನ್ ಗುಂಡಿ ಒತ್ತಿದಳು.” ಒಳ್ಳೆ ವಾಕ್ಯ. ಸಿನಿಮಾದಲ್ಲಾದರೆ ಶಿಳ್ಳೆ ಬೀಳುತ್ತದೆ. ಅವಳು ಮಾತ್ರ ಗುಂಡಿಯ ಮುಂದೆ ನಿಂತವಳು ಕೈ ಎತ್ತಲಿಲ್ಲ.

“ಅದನ್ನ ಹೊಡೆದುಹಾಕಿ,” ಅಂದಳು ನನಗೆ. “ಸೈರನ್ ಕೇಳಿದ್ರೆ ಓಡ್ತಾರೆ. ಓಡಿದ್ರೆ ಏನಾಗತ್ತೆ ಅಂತ ನಂಗೆ ಗೊತ್ತು. ನಿಮಗೆ ಗೊತ್ತಿಲ್ಲ.”

ಹಾಗಾದರೆ ಏನು ಮಾಡುತ್ತೀಯಮ್ಮ ಎಂದು ಕೇಳುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಫೋನಿನ ಹತ್ತಿರ ಹೋಗಿಯಾಗಿತ್ತು. ನಾನು ಪೆನ್ನು ಹಿಡಿದುಕೊಂಡು ಹಿಂದೆ ಓಡಿದೆ.

೫

ಫೋನ್ ಎತ್ತಿದವನು ಗೋಪುರದ ಬುಡದಲ್ಲಿ ಕೂರುವ ಮೇಸ್ತ್ರಿ. ದನಿ ಗುರುತು ಸಿಕ್ಕಿದ್ದೇ ಅವನ ಮಾತು ಬಿಗಿಯಾಯಿತು. ಸೈರನ್ ಆಗಿಲ್ಲ, ಯಾರ ಆರ್ಡರ್ ಮೇಲೆ ಇಳಿಸಲಿ ಎಂದ. ಆರ್ಡರ್ ಇಲ್ಲವೆಂದು ಅವಳು ಒಪ್ಪಿಕೊಂಡಳು. ತನ್ನ ನಾದಿನಿಯ ಜೊತೆ ಒಂದು ನಿಮಿಷ ಮಾತಾಡಿಸು, ಅಷ್ಟು ಸಾಕು ಎಂದಳು. ಅವನು ವಾಕಿಟಾಕಿಯನ್ನು ಫೋನಿಗೆ ಒತ್ತಿ ಹಿಡಿದ. ಗೋಡೆಯ ಗಡಿಯಾರ ಎರಡು ಮೂವತ್ತಮೂರು ತೋರಿಸುತ್ತಿತ್ತು.

“ನಾನು,” ಅಂದಳು ಲೆಕ್ಕಗಾರ್ತಿ. ಎರಡು ವರ್ಷದ ನಂತರದ ಮೊದಲ ಮಾತು. “ಪಟ್ಟಿ ತಪ್ಪಿದೆ. ಇನ್ನು ಹದಿನಾರು ನಿಮಿಷಕ್ಕೆ ಗ್ರಹಣ.”

ಗಾಳಿಯ ಸದ್ದಿನ ನಡುವೆ ನಾದಿನಿ ಕೇಳಿದಳು:

“ಖಾತ್ರಿನಾ?”

(ಇಲ್ಲಿ ಹೌದು ಅನ್ನಿಸಬೇಕು ಅಂತ ನಾನು ತುಂಬಾ ಪ್ರಯತ್ನಪಟ್ಟೆ. ಹೌದು ಅಂದರೆ ಅವರು ಇಳಿಯುತ್ತಾರೆ, ಕಥೆ ಮುಂದಕ್ಕೆ ಹೋಗುತ್ತದೆ.)

“ಇಲ್ಲ,” ಅಂದಳು ಅವಳು. “ಆವತ್ತು ಖಾತ್ರಿ ಇತ್ತು. ಇವತ್ತು ಮೂರು ಸಲ ಅಳೆದಿದೀನಿ, ಆದ್ರೂ ಖಾತ್ರಿ ಇಲ್ಲ. ಓಡಬೇಡಿ. ಕೊಕ್ಕೆ ಹಾಕ್ಕೊಂಡು ಒಬ್ಬೊಬ್ಬರೇ ಇಳೀರಿ. ನಂದು ತಪ್ಪಾದ್ರೆ ಮತ್ತೆ ಹತ್ಕೊಳಿ.”

೬

ಮೇಲೆ ಒಬ್ಬ ಏಣಿಗೆ ಕಾಲಿಟ್ಟ ಎಂದು ಮೇಸ್ತ್ರಿ ಹೇಳಿದ. ಆಮೇಲೆ ಇನ್ನೊಬ್ಬ. ನಾಲ್ವರನ್ನೂ ಮುಂದೆ ಕಳಿಸಿ, ಪ್ರತಿಯೊಬ್ಬರ ಕೊಕ್ಕೆಯನ್ನೂ ತಾನೇ ಎಳೆದು ನೋಡಿ, ನಾದಿನಿ ಕೊನೆಗೆ ಇಳಿಯತೊಡಗಿದಳು. ಎರಡು ನಲವತ್ತಕ್ಕೆ ತಲೆಯ ಮೇಲೆ ಸೈರನ್ ಕೂಗಿತು. ಏಣಿಯ ಮೇಲಿದ್ದವರು ಯಾರೂ ಓಡಲಿಲ್ಲ.

ಎರಡು ನಲವತ್ತೊಂಬತ್ತಕ್ಕೆ ಕಿಟಕಿಯಾಚೆಯ ಬೆಳಕು ಯಾರೋ ಹೀರಿಕೊಂಡ ಹಾಗೆ ಇಳಿಯಿತು. ಅಂಗಳದ ಕಂಬಕ್ಕೆ ಒಂದೇ ನೆರಳು ಉಳಿಯಿತು. ಸಾಹೇಬರು ವರಾಂಡಕ್ಕೆ ಬಂದು ಆಕಾಶ ನೋಡಿದರು, ಕೈಗಡಿಯಾರ ನೋಡಿದರು, ಒಳಗೆ ಹೋದರು.

ನಾಲ್ವರು ನೆಲ ಮುಟ್ಟಿದ್ದರು. ನಾದಿನಿ ಏಣಿಯ ನಡುಮಧ್ಯದಲ್ಲಿದ್ದಳು. ಅವರೇ ಬಳಿದಿದ್ದ ಹಸಿರು ಮೆಟ್ಟಿಲುಗಳು ಕೆಂಪುಗತ್ತಲಲ್ಲಿ ಕಪ್ಪಾಗಿ, ಇಲ್ಲವೇ ಇಲ್ಲವೆಂಬಂತೆ ಮಾಯವಾದವು. ಗಾಳಿ ಎದ್ದಿತು.

೭

ಮುಕ್ತಾಯ ಒಂದು: ಗಾಳಿ ಏಣಿಯನ್ನು ಅಲುಗಿಸುತ್ತದೆ, ಹಳೇ ಕೊಕ್ಕೆ ಬಿಟ್ಟುಕೊಳ್ಳುತ್ತದೆ. (ನಾಲ್ಕು ಸಾಲು ಬರೆದು ಹರಿದೆ. ಅತ್ತಿಗೆಯ ಲೆಕ್ಕ ಸರಿಯಾದ ದಿನವೇ ಹಾಗೆ ಮಾಡುವಷ್ಟು ಕಟುಕನಲ್ಲ ನಾನು.)

ಮುಕ್ತಾಯ ಎರಡು: ನಾದಿನಿ ಇಳಿಯುತ್ತಾಳೆ, ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. (ಬರೆಯುವಾಗ ನನ್ನ ಕಣ್ಣಲ್ಲೇ ನೀರು ಬಂತು. ಅದಕ್ಕೇ ಅನುಮಾನ ಬಂದು ಅದನ್ನೂ ಹರಿದೆ.)

ಲೆಕ್ಕಗಾರ್ತಿ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು. “ಎರಡೂ ಬೇಡ. ಸ್ವಲ್ಪ ಸುಮ್ಮನಿರಿ, ಅವಳು ಏನೋ ಹೇಳ್ತಿದಾಳೆ.”

ನಾನು ಸುಮ್ಮನಾದೆ.

“ಕಾಲಿಗೆ ಮೆಟ್ಲು ಸಿಗ್ತಿಲ್ಲ,” ಎಂದಿತು ಗರಗರ ಸದ್ದಿನ ನಡುವಿನ ದನಿ. “ಗಾಳಿ ಸದ್ದು ಕೇಳಿದ್ರೆ ಕೈ ಸೋಲತ್ತೆ. ಏನಾದ್ರೂ ಮಾತಾಡ್ತಾ ಇರಿ, ಅತ್ತಿಗೆ.”

ಅತ್ತಿಗೆ. ಎರಡು ವರ್ಷದಿಂದ ಕೇಳದ ಪದ. ಆದರೆ ಅದನ್ನು ನೆನೆದು ಕೂರಲು ಈಗ ಪುರಸೊತ್ತಿರಲಿಲ್ಲ. ಮಾತು ಶುರು ಮಾಡಿದಳು. ಎರಡು ವರ್ಷ ಒಲೆಯ ಮುಂದೆ ನುಂಗಿಕೊಂಡದ್ದನ್ನೆಲ್ಲ ತೆಗೆದಳು: ಅಳತೆಪಟ್ಟಿ ಜಾರಿದ್ದು ಹೇಗೆ, ಆವತ್ತು ಬೆಳಿಗ್ಗೆ ಅವನ ಜೊತೆ ಯಾವ ಸಣ್ಣ ವಿಷಯಕ್ಕೆ ಜಗಳವಾಡಿದ್ದಳು, ಅದೇ ಯೋಚನೆಯಲ್ಲಿ ಅಳತೆ ಹೇಗೆ ತಪ್ಪಿತು, ಕ್ಷಮಿಸು ಅನ್ನಲು ಎಷ್ಟು ಸಲ ಬಾಯಿ ತೆರೆದು ಮುಚ್ಚಿದಳು. ಒಂದು ಮಾತಿಗೆ ನಾದಿನಿಯ ಕಾಲು ಒಂದು ಮೆಟ್ಟಿಲು ಹುಡುಕಿಕೊಳ್ಳುತ್ತಿದೆ ಎಂದು ಮೇಸ್ತ್ರಿ ಹೇಳುತ್ತಿದ್ದ.

ಓದುಗರೇ, ಮೊಮ್ಮಗಳು ಹೊರಬರಲು ಇನ್ನೂ ಮೂವತ್ತು ನಿಮಿಷವಿದೆ. ಆಮೇಲೆ ಏನಾಯಿತು ಎಂದು ನನ್ನನ್ನು ಕೇಳಬೇಡಿ. ನಾನಿಲ್ಲಿ ಪೂರ್ಣವಿರಾಮ ಇಟ್ಟರೆ ಅವಳು ಮಾತು ನಿಲ್ಲಿಸಬೇಕಾಗುತ್ತದೆ. ಇಡುವುದಿಲ್ಲ. ಅವಳು ಹೇಳುತ್ತಲೇ ಇದ್ದಾಳೆ, ಇನ್ನೊಂದು ಕಾಲು ಕತ್ತಲಲ್ಲಿ ಕೆಳಗೆ ತಡಕುತ್ತಿದೆ, ಅವಳು ಹೇಳುತ್ತಿದ್ದಾಳೆ, ಕೇಳಿಸ್ತಿದೆಯಾ, ಇನ್ನೊಂದು ವಿಷಯ ನಿಂಗೆ ಹೇಳಿಲ್ಲ,