ಕಾಲ ಕಡೆಯ ಹಿಡಿ

"ಬೂಟು ಇರ್ಲಿ ಸಾಬ್, ಹಾಗೇ ಮಲ್ಗಿ" ಎಂದ ಅಹ್ಮದ್ ಪಾಷಾ.

ಆದಿನಾರಾಯಣ ಮಲಗಿದ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಹಾಡಹಗಲಲ್ಲಿ, ಕೋಟು ತೊಟ್ಟ ಹೈಸ್ಕೂಲು ಮೇಷ್ಟರೊಬ್ಬ ಮಿಲಿಟರಿ ಆಸ್ಪತ್ರೆಯ ಹಳೆಯ ಮಂಚದ ಮೇಲೆ ಅಂಗಾತ ಮಲಗಿದ್ದನ್ನು ನೋಡಲು ಯಾರೂ ನಿಲ್ಲಲಿಲ್ಲ. ಯುದ್ಧ ಮುಗಿದ ಮೇಲೆ ದಂಡಿನವರು ಹರಾಜು ಹಾಕಿದ ಡೇರೆ, ಬೂಟು, ಬಕೆಟ್ಟುಗಳ ನಡುವೆ ಅವನೂ ಒಂದು ಸಾಮಾನಿನಂತೆ ಕಂಡಿರಬೇಕು. ಅವನಿಗೆ ಸಮಾಧಾನವಾಯಿತು. ಸ್ವಲ್ಪ ಅವಮಾನವೂ ಆಯಿತು.

ಪಾಷಾ ಕಾಲ ಕಡೆಗೆ ಹೋಗಿ ಕಬ್ಬಿಣದ ಹಿಡಿಯನ್ನು ತಿರುಗಿಸತೊಡಗಿದ. ಬೆನ್ನ ಕೆಳಗಿನ ಚೌಕಟ್ಟು ಕಿರ್ರೆಂದು ಏರಿತು. ಆದಿನಾರಾಯಣ ತಾನೇನೂ ಮಾಡದೆಯೇ ಎದ್ದು ಕುಳಿತ. ಪಾಷಾ ಹಿಡಿಯನ್ನು ಹಿಂದಕ್ಕೆ ತಿರುಗಿಸಿದಾಗ ಏನೂ ಮಾಡದೆಯೇ ಮತ್ತೆ ಮಲಗಿದ.

"ಬಲಕ್ಕೆ ತಿರುಗ್ಸಿದ್ರೆ ಏರುತ್ತೆ, ಎಡಕ್ಕೆ ತಿರುಗ್ಸಿದ್ರೆ ಇಳಿಯುತ್ತೆ. ಆದ್ರೆ ಮಲ್ಗಿದೋರ ಕೈಗೆ ಸಿಗಲ್ಲ ಸಾಬ್. ಕಾಲ ಕಡೆ ಇನ್ನೊಬ್ರು ಇರ್ಬೇಕು."

ಯಾರಿಗೆ ಎಂದು ಪಾಷಾ ಕೇಳಿದ. ಹೆಂಡತಿಗೆ ಎಂದು ಇವನು ಚುಟುಕಾಗಿ ಹೇಳಿದ. ಗೋವಿಂದಮ್ಮನ ಹೃದಯ ಮದುವೆಯಾದ ಸ್ವಲ್ಪ ಕಾಲದಲ್ಲೇ ಕೆಟ್ಟಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಇದು ಹೋಗುವ ಕಾಯಿಲೆಯಲ್ಲ, ಇದರ ಜೊತೆಯಲ್ಲೇ ಬಾಳಬೇಕು ಎಂದು ಡಾಕ್ಟರು ಹೇಳಿದ್ದರು. ದಿಂಬು ಜಾರುತ್ತಿತ್ತು, ಗೋಡೆ ಥಂಡಿ. ಕೊನೆಗೆ ಅವಳಿಗೆ ಒದಗಿದ್ದು ಗಂಡನ ಬೆನ್ನು. ಪ್ರತಿ ರಾತ್ರಿ ಚಾಪೆಯ ಮೇಲೆ ಅವನು ಅತ್ತ ಮುಖ ಮಾಡಿ ಕೂರುತ್ತಿದ್ದ, ಅವಳು ಇತ್ತ ಮುಖ ಮಾಡಿ ಅವನಿಗೆ ಒರಗುತ್ತಿದ್ದಳು. ಇಬ್ಬರೂ ಹಾಗೇ ಬೆಳಗು ಮಾಡುತ್ತಿದ್ದರು. ಯಾರಿಗೂ ಗೊತ್ತಿರದ ಈ ತಪಸ್ಸಿನ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಅಷ್ಟೇ ಅಸಹ್ಯವೂ ಇತ್ತು. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುವಾಗಲೂ ಅವಳ ಭಾರ ಬೆನ್ನ ಮೇಲೆ ಇದ್ದಂತೆಯೇ ಅನ್ನಿಸುತ್ತಿತ್ತು. ಅವಳು ಸತ್ತರೆ ಹಾಯಾಗಿ ಕಾಲು ಚಾಚಿ ಮಲಗಬಹುದು ಎಂದು ಒಂದೆರಡು ಸಲ ಯೋಚಿಸಿದ್ದ. ಆಮೇಲೆ ಅವಳಿಗೆ ಕಿತ್ತಳೆ ಹಣ್ಣು ತಂದುಕೊಟ್ಟಿದ್ದ.

ಅಂಗಡಿಯಲ್ಲಿ ಇನ್ನೊಂದು ಮಂಚವಿತ್ತು. ಅದರ ಪಕ್ಕದಲ್ಲೇ, ಕೈಗೆ ಸಿಗುವಂತೆ ಒಂದು ಸನ್ನೆಕೋಲು. ಮಲಗಿದವರು ಅದನ್ನು ಎಳೆದರೆ ಬೆನ್ನಿನ ಚೌಕಟ್ಟು ಒಂದೊಂದೇ ಹಲ್ಲು ಏರಿ ಬೇಕಾದಲ್ಲಿ ನಿಲ್ಲುತ್ತಿತ್ತು. "ಹೆಣ್ಮಕ್ಳಿಗೆ ಇದು ಬೆಸ್ಟ್ ಸಾಬ್, ಯಾರನ್ನೂ ಕರೀಬೇಕಾಗಿಲ್ಲ" ಎಂದ ಪಾಷಾ. ಎರಡಕ್ಕೂ ಒಂದೇ ಬೆಲೆ. ಆದಿನಾರಾಯಣ ಅದರ ಮೇಲೂ ಮಲಗಿ ಸನ್ನೆಕೋಲು ಎಳೆದು ನೋಡಿದ. ಸಲೀಸಾಗಿ ಏರಿತು. ಯಾರನ್ನೂ ಕರೆಯಬೇಕಾಗಿಲ್ಲ ಎಂಬ ಮಾತು ಅವನನ್ನು ಚುಚ್ಚಿತು.

ಇದರ ಬಣ್ಣ ಹೋಗಿದೆ ಎಂದು ಹೇಳಿ ಮೊದಲನೆಯದನ್ನೇ ಕೊಂಡ. ಅದರ ಬಣ್ಣವೂ ಹೋಗಿತ್ತು. ಪಾಷಾ ಎರಡನ್ನೂ ಒಮ್ಮೆ ನೋಡಿ ದುಡ್ಡು ಎಣಿಸಿಕೊಂಡ.

ಒತ್ತುಗಾಡಿಯವರು ಹಲಸೂರಿನ ಮನೆಗೆ ಮಂಚ ತಂದು, ನಡುಮನೆಯಲ್ಲಿ ಜೋಡಿಸಿ ಹೋಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗೋವಿಂದಮ್ಮ ಅದನ್ನು ಸುತ್ತಿ ನೋಡಿದಳು. ಹಿಡಿಯನ್ನು ಮುಟ್ಟಿದಳು.

"ನಾನೇ ಏರಿಸ್ಕೊಳ್ಳೋ ಥರದ್ದು ಇರ್ಲಿಲ್ವಾ?"

"ಇರ್ಲಿಲ್ಲ."

ಅವಳು ತಲೆಯಾಡಿಸಿ ಹತ್ತಿ ಮಲಗಿದಳು. ಅವನು ಬಲಕ್ಕೆ ತಿರುಗಿಸಿದ. ಅವಳ ಮುಖ ನಿಧಾನವಾಗಿ ಮೇಲೆದ್ದು ಅವನ ಮುಖಕ್ಕೆ ಎದುರಾಯಿತು. ಸಾಕು ಎಂದಳು. ಆಮೇಲೆ ಅವನು ಎಂದೂ ಕೇಳಿರದಷ್ಟು ಉದ್ದದ ಒಂದು ಉಸಿರು ಬಿಟ್ಟಳು.

"ಇದು ಅಲ್ಲಾಡಲ್ಲ" ಎಂದಳು, ಕಣ್ಣು ಮುಚ್ಚಿಕೊಂಡೇ. "ನೀವು ತೂಕಡಿಸ್ತಾ ಮುಂದಕ್ಕೆ ವಾಲ್ತಿದ್ರಿ. ಎಲ್ಲಿ ಬಿದ್ದುಬಿಡ್ತೀರೋ ಅಂತ ನಾನು ಭಾರ ಬಿಡ್ತಾನೇ ಇರ್ಲಿಲ್ಲ. ಕೈ ಹಿಂದಕ್ಕೆ ಮಾಡಿ ನಿಮ್ಮ ಶರಟು ಹಿಡ್ಕೊಂಡು, ನೀವು ಬೀಳದ ಹಾಗೆ ನಿಮ್ಮನ್ನೇ ಆನಿಸ್ಕೊಂಡು ಕೂತಿರ್ತಿದ್ದೆ."

"ಯಾವತ್ತಿಂದ?"

"ಮೊದಲಿಂದ್ಲೂ."

"ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನಿಮಗೆ ಬೇಜಾರಾಗ್ತಿತ್ತು. ಇನ್ಮೇಲೆ ನೀವು ಒಳಗಡೆ ಮಲಗಬಹುದು."

ಆ ದನಿಯಲ್ಲಿ ದೂರಿರಲಿಲ್ಲ. ದೂರಿದ್ದರೆ ಉತ್ತರ ಹೇಳಬಹುದಾಗಿತ್ತು. ಇಷ್ಟು ವರ್ಷ ತಾನು ಹೊತ್ತ ಭಾರ ಯಾರದ್ದು ಎಂದು ಆದಿನಾರಾಯಣ ಯೋಚಿಸಿದ. ಏನೋ ಹೇಳಬೇಕೆಂದು ತಲೆಯೆತ್ತುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.

ಅವಳ ನಿದ್ದೆಯ ಮುಖವನ್ನು ಅವನು ನೋಡಿ ಎಷ್ಟೋ ಕಾಲವಾಗಿತ್ತು. ಬಾಯಿ ತುಸು ತೆರೆದಿತ್ತು. ಹುಬ್ಬಿನ ನಡುವಿನ ಗೆರೆ ಇರಲಿಲ್ಲ. ಯಾರದೋ ಮನೆಗೆ ಕೇಳದೆ ಬಂದು ನಿಂತ ಹಾಗಾಯಿತು. ತಾನು ಈ ಮಧ್ಯಾಹ್ನ ಲಾರಿಗೆ ಸಿಕ್ಕಿ ಸತ್ತಿದ್ದರೂ, ಮಂಚವೊಂದು ಬಂದು ತಲುಪಿದ್ದರೆ, ಅವಳು ಹೀಗೇ ಮಲಗಿರುತ್ತಿದ್ದಳು ಅನ್ನಿಸಿ ಅವನಿಗೆ ಭಯವಾಯಿತು.

ಹಿಡಿ ಅವನ ಕೈಯಲ್ಲೇ ಇತ್ತು.

ಸ್ವಲ್ಪ ಇಳಿಸಿದರೆ ಉಸಿರು ಕಟ್ಟುತ್ತದೆ. ಎಚ್ಚರಾಗುತ್ತದೆ. ರೀ ಎಂದು ಕರೆಯುತ್ತಾಳೆ. ಅವಳು ಕರೆದ ಕೂಡಲೇ ಏರಿಸಿದರಾಯಿತು. ಅವನು ಎಡಕ್ಕೆ ತಿರುಗಿಸಿದ. ಈ ಸಲ ಕಬ್ಬಿಣ ಸದ್ದು ಮಾಡಲಿಲ್ಲ. ಅವಳ ತಲೆ ತುಸು ಇಳಿಯಿತು. ಇನ್ನಷ್ಟು ತಿರುಗಿಸಿದ.

ಅವಳ ಉಸಿರು ಎಲ್ಲೋ ಎಡವಿತು. ನಿದ್ದೆಯಲ್ಲೇ ಒಂದು ಕೈ ಹಿಂದಕ್ಕೆ ಹೋಗಿ ತಡಕಾಡಿತು, ಅಲ್ಲಿ ಶರಟು ಇರಬೇಕೆಂಬಂತೆ. ತಲೆಕಡೆಯ ಸರಳು ಸಿಕ್ಕಿತು. ಬೆರಳುಗಳು ಅದನ್ನು ಸುತ್ತಿ ಭದ್ರವಾಗಿ ಹಿಡಿದವು. ಅವಳು ಏಳಲಿಲ್ಲ. ಕರೆಯಲೂ ಇಲ್ಲ.

ದಂಡಿನ ಕಡೆಯಿಂದ ಸಂಜೆಯ ಬ್ಯೂಗಲ್ ಕೇಳಿಸಿತು. ಅವಳ ಬಾಯಿ ಗಾಳಿಗಾಗಿ ಇನ್ನಷ್ಟು ತೆರೆದುಕೊಳ್ಳುತ್ತಿತ್ತು. ಆದಿನಾರಾಯಣ ಎರಡೂ ಕೈಯಲ್ಲಿ ಹಿಡಿಯನ್ನು ಬಿಗಿಹಿಡಿದು ನಿಂತಿದ್ದ. ಯಾವ ಕಡೆಗೆ ತಿರುಗಿಸಿದರೆ ಏರುತ್ತದೆ, ಯಾವ ಕಡೆಗೆ ತಿರುಗಿಸಿದರೆ ಇಳಿಯುತ್ತದೆ ಎಂಬುದು ಅವನಿಗೆ ನೆನಪಾಗಲಿಲ್ಲ.